ಹಲ್ಲಿಗೂ ವಿಮೆ ಬೇಕೆ? ಗಲ್ಲಾಪೆಟ್ಟಿಗೆಯ ಲೆಕ್ಕ ನೋಡಿ!

ದಾವಣಗೆರೆ: ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದು ಹಳೇ ಗಾದೆ. ಈಗ ಎರಡೂ ಇವೆ. ಹಲ್ಲು ರಿಪೇರಿಗೆ ರೊಕ್ಕ ಇಲ್ಲ!

ಮಂಡಿಪೇಟೆಯ ಕಿರಾಣಿ ಸಾಹುಕಾರರೊಬ್ಬರು ಕೆನ್ನೆ ಊದಿಸಿಕೊಂಡು ಗಲ್ಲಾದ ಮೇಲೆ ಕೂತಿದ್ದರು. ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕು, ಮೇಲೊಂದು ಕ್ಯಾಪು ಬೇರೆ. "ಐದು ವರ್ಷದಿಂದ ಆರೋಗ್ಯ ವಿಮೆ ಕಟ್ಟೀನ್ರಿ. ಏಜೆಂಟನ್ನ ಕೇಳಿದ್ರೆ ಹಲ್ಲು ಇದ್ರಾಗೆ ಬರಲ್ಲ ಅಂತಾನೆ. ಹಲ್ಲೇನು ನನ್ನ ಮೈಯಾಗಿಲ್ವಾ? ಈ ಸಲ ಪಾಲಿಸಿನೇ ನಿಲ್ಲಿಸಿಬಿಡ್ತೀನಿ!" ಎಂದರು.

ಸಿಟ್ಟು ನ್ಯಾಯವಾದದ್ದೇ. ಆದರೆ ಪಾಲಿಸಿ ಕಾಗದದ ನ್ಯಾಯ ಬೇರೆ. ಸಾಮಾನ್ಯ ಆರೋಗ್ಯ ವಿಮೆ ಇರುವುದು ಮುಖ್ಯವಾಗಿ ಆಸ್ಪತ್ರೆ ಸೇರಿದವರ ಖರ್ಚಿಗೆ. ಹಲ್ಲು ಕೀಳಿಸೋದು, ತುಂಬಿಸೋದು, ರೂಟ್ ಕೆನಾಲು ಎಲ್ಲಾ ಕುರ್ಚಿಯಲ್ಲಿ ಕೂತು ಮಾಡಿಸಿಕೊಂಡು ಮನೆಗೆ ಬರುವಂಥವು. ಬಹುತೇಕ ಪಾಲಿಸಿಗಳಲ್ಲಿ ಇವು ಹೊರಗೆ. ಬೈಕಿನಿಂದ ಬಿದ್ದು, ದವಡೆ ಮುರಿದು, ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಸಾಮಾನ್ಯವಾಗಿ ಬರುತ್ತದೆ.

ಏಜೆಂಟರ ಹೊಸ ರಾಗ

"ಇನ್ನಷ್ಟು ಕಟ್ಟಿ ಸಾರ್, ಒಪಿಡಿ ಸೌಲಭ್ಯ ಸೇರಿಸ್ತೀವಿ, ಅದರಲ್ಲಿ ಹಲ್ಲೂ ಬರುತ್ತೆ" ಎಂಬುದು ಈಗಿನ ರಾಗ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿಎಸ್‌ಟಿ ತೆಗೆದಿರುವುದೂ ಅವರಿಗೊಂದು ಆಸರೆ.

ಕೊಳ್ಳಬೇಕೋ ಬೇಡವೋ? ಹೆಚ್ಚಿನ ಕಂತು ವರ್ಷಕ್ಕೆ 3,000, ಹಲ್ಲಿನ ಖರ್ಚಿನ ಮಿತಿ 5,000 ಎಂದಿಟ್ಟುಕೊಳ್ಳಿ. ಮೊದಲ ವರ್ಷವೇ ಹಲ್ಲು ಕೆಟ್ಟರೆ 2,000 ಲಾಭ. ಮೂರು ವರ್ಷ ಕಟ್ಟಿ ಒಂದೇ ಸಲ ಪಡೆದರೆ 4,000 ನಷ್ಟ. ಮೊದಲ ಕೆಲವು ತಿಂಗಳು ಕೊಡುವುದಿಲ್ಲ ಎಂಬ ಷರತ್ತಿದ್ದರೆ ಆ ಲಾಭವೂ ಗೋತಾ!

ಕಾರಣ ಸರಳ. ಅಂಗಡಿಗೆ ಬೆಂಕಿ ಬೀಳುವುದು ಅಪರೂಪ. ಅದಕ್ಕೇ ಹತ್ತಾರು ಜನರ ಸಣ್ಣ ಕಂತು ಒಬ್ಬನ ದೊಡ್ಡ ನಷ್ಟ ತುಂಬುತ್ತದೆ. ಹಲ್ಲು ಹಾಗಲ್ಲ ಸ್ವಾಮಿ, ಇವತ್ತಲ್ಲ ನಾಳೆ ಹೆಚ್ಚುಕಮ್ಮಿ ಎಲ್ಲರದೂ ಹುಳುಕೇ. ಆದ್ದರಿಂದ ಕಂಪನಿಯವರು ಮಿತಿ ಹಾಕುತ್ತಾರೆ, ತಮ್ಮ ಖರ್ಚನ್ನೂ ಕಂತಿಗೆ ಸೇರಿಸುತ್ತಾರೆ.

ಬೇರೆ ದಾರಿ ಏನು?

ದಿನಕ್ಕೆ 10 ರೂಪಾಯಿ ಡಬ್ಬಿಗೆ ಹಾಕಿದರೆ ವರ್ಷಕ್ಕೆ 3,650. ಹಲ್ಲು ಕೆಡದಿದ್ದರೆ ದುಡ್ಡು ನಿಮ್ಮದೇ.

1979ರಲ್ಲೇ ಬಾಪೂಜಿ ದಂತ ಕಾಲೇಜು ಶುರುವಾದ ಊರು ನಮ್ಮದು. ಇಂಥ ಕಾಲೇಜುಗಳಲ್ಲಿ ಗುರುಗಳ ಕಣ್ಗಾವಲಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ಖರ್ಚು ಕಡಿಮೆ, ಓಡಾಟ ಜಾಸ್ತಿ.

ಇನ್ನು ಇಎಸ್‌ಐ. 16,000 ಸಂಬಳದವರಿಗೆ ಶೇ. 0.75ರಂತೆ ತಿಂಗಳಿಗೆ 120 ರೂಪಾಯಿ ಮುರಿಯುತ್ತಾರೆ. ಅಂಥವರು ಹಲ್ಲು ನೋವಿಗೆ ಕ್ಲಿನಿಕ್ ಮೆಟ್ಟಿಲು ಹತ್ತುವ ಮುಂಚೆ ಇಎಸ್‌ಐ ಔಷಧಾಲಯದಲ್ಲಿ ವಿಚಾರಿಸಲಿ.

ಆದರೂ ಕೊಳ್ಳುವವರು ಮೂರು ಮಾತು ಕೇಳಿ: ಹಲ್ಲಿಗೆ ಮಿತಿ ಎಷ್ಟು? ಎಷ್ಟು ದಿನ ಕಾಯಬೇಕು? ಕ್ಯಾಪು, ಕಟ್ಟಿಸುವ ಹಲ್ಲು ಸೇರುತ್ತವೋ? ಬಾಯಿ ಮಾತು ಬೇಡ, ಕಾಗದದಲ್ಲಿ ತೋರಿಸಲಿ. ಹೊಸ ಪಾಲಿಸಿ ಕೈಸೇರಿ 30 ದಿನದೊಳಗೆ ಬೇಡವೆನಿಸಿದರೆ ವಾಪಸು ಕೊಡಬಹುದು.

ಸಾಹುಕಾರರಿಗೆ ಹೇಳಿದ್ದಿಷ್ಟೆ: ಹಲ್ಲಿನ ಸಿಟ್ಟಿಗೆ ದೊಡ್ಡ ಪಾಲಿಸಿ ನಿಲ್ಲಿಸಬೇಡಿ. ಇಷ್ಟು ವರ್ಷ ಕಾದು ಕಳೆದ ಅವಧಿ ನೀರುಪಾಲಾಗುತ್ತದೆ. ನಾಳೆ ಎದೆ ನೋವು ಬಂದರೆ ಹತ್ತು ರೂಪಾಯಿ ಡಬ್ಬಿ ಸಾಲದು.

ಅವರು ತಲೆಯಾಡಿಸಿ, ಆರು ತಿಂಗಳು ಲವಂಗ ಕಚ್ಚಿಕೊಂಡೇ ದೂಡಿದ್ದನ್ನು ಒಪ್ಪಿಕೊಂಡರು. ಆಗಲೇ ತೋರಿಸಿದ್ದರೆ ಬರೀ ಹುಳುಕು ತುಂಬಿಸಿ ಮುಗಿಯುತ್ತಿತ್ತೇನೋ. ವಿಮೆಗೆ ಕಾಯುವ ಅವಧಿ ಇರಬಹುದು, ಹಲ್ಲಿಗಿಲ್ಲ!