ಅಡ್ವಾನ್ಸ್ ಬತ್ತಿದ ಕಾಲದಲ್ಲಿ ಮೇಸ್ತ್ರಿ

ಸಣ್ಣ ಕಟ್ಟಡ ಗುತ್ತಿಗೆದಾರರು ಕೈಸುಟ್ಟುಕೊಳ್ಳುವುದು ಕೆಲಸವಿಲ್ಲದೆ ಅಲ್ಲ, ಕೆಲಸ ಕೈತುಂಬ ಇದ್ದ ಕಾಲದಲ್ಲಿ ಮಾಡಿಕೊಂಡ ಅಭ್ಯಾಸದಿಂದ. ಮೊದಲ ಮನೆಯ ಟೈಲ್ಸ್‌ಗೆ ಎರಡನೆಯವರ ಅಡ್ವಾನ್ಸು, ಎರಡನೆಯವರ ಮೋಲ್ಡ್‌ಗೆ ಮೂರನೆಯವರ ಪಾಯದ ದುಡ್ಡು. ಹೊಸ ಮನೆ ಸಿಗುತ್ತಿರುವಷ್ಟು ದಿನ ಗಾಡಿ ಓಡುತ್ತದೆ. ಹಿಂಜರಿತ ಬಂದ ತಿಂಗಳು ಹೊಸ ಅಡ್ವಾನ್ಸು ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಉದ್ರಿ ಪುಸ್ತಕ ಮಾತ್ರ ತೆರೆದೇ ಇರುತ್ತದೆ.

ಆ ಮನೆಯ ದುಡ್ಡು ಆ ಮನೆಗೇ ಎಂದು ಬೇರೆ ಬೇರೆ ಲೆಕ್ಕ ಇಡುವವನು ಅರ್ಧ ಗೆದ್ದಂತೆ. ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರಿಂಗ್ ಎಂದು ಹಂತ ಮಾಡಿ, ಆಯಾ ಹಂತ ಶುರುವಾಗುವ ಮೊದಲು ಅದರ ಹಣ ಪಡೆಯಬೇಕು. ಕಷ್ಟಕಾಲದಲ್ಲಿ ಮನೆ ಕಟ್ಟಿಸುವವರಿಗೂ ದೊಡ್ಡ ಮೊತ್ತ ಒಟ್ಟಿಗೆ ಕೊಡಲು ಭಯ. ಸಣ್ಣ ಕಂತು ಕೇಳುವವನ ಮೇಲೆ ಅವರಿಗೆ ನಂಬಿಕೆ ಹೆಚ್ಚು.

ಹಾಗೆ ನೋಡಿದರೆ ಕೆಲಸ ತಗ್ಗುವುದು ನಮ್ಮ ಮೇಸ್ತ್ರಿಗಳಿಗೆ ಹೊಸತೇನಲ್ಲ. ಆಷಾಢದಲ್ಲಿ ಗುದ್ದಲಿ ಪೂಜೆ ಇಲ್ಲ, ಗೃಹಪ್ರವೇಶ ಇಲ್ಲ, ಧನುರ್ಮಾಸದಲ್ಲೂ ಅಷ್ಟೇ. ಆಗ ಜಾಣರು ಸೋರುವ ತಾರಸಿ, ಒಡೆದ ಬಾತ್‌ರೂಮು, ಬಿರುಕು ಬಿಟ್ಟ ಸಂಪು ಹಿಡಿಯುತ್ತಾರೆ. ಹೊಸ ಮನೆಯನ್ನು ಮುಂದೂಡಬಹುದು, ಸೋರುವ ಸೂರನ್ನು ಮುಂದೂಡಲಾಗದು. ಲೀಮನ್ ಬ್ರದರ್ಸ್ ಕುಸಿದ 2008ರ ನಂತರ ಬೆಂಗಳೂರಿನಲ್ಲಿ ಐಟಿ ನೇಮಕಾತಿಗೂ ಕಟ್ಟಡಗಳಿಗೂ ಮಂಕು ಕವಿದಿತ್ತು. ಆ ಹೊತ್ತಿಗೇ, 2009ರಲ್ಲಿ, ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ 40x60 ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಪೈಪು ಜೋಡಿಸಿ ಇಂಗುಗುಂಡಿ ತೋಡುವ ಈ ಕೆಲಸಕ್ಕೆ ದೊಡ್ಡ ಬಂಡವಾಳವೇನೂ ಬೇಕಿರಲಿಲ್ಲ. ಸರ್ಕಾರದ ಇಂಥ ಆದೇಶಗಳ ಮೇಲೆ ಕಣ್ಣಿಡುವುದೂ ಗುತ್ತಿಗೆದಾರನ ಕಸುಬಿನ ಭಾಗವೇ.

ಕೆಲಸ ಕಡಿಮೆಯಾದಾಗ ಎಲ್ಲರೂ ಮಾಡುವುದು ರೇಟು ಇಳಿಸುವುದು. ಇಪ್ಪತ್ತು ಲಕ್ಷದ ಮನೆಯಲ್ಲಿ ಶೇ 10ರಷ್ಟು, ಎಂದರೆ ಎರಡು ಲಕ್ಷ ಉಳಿಯುತ್ತದೆ ಎನ್ನೋಣ. ಶೇ 8ರಷ್ಟು ಇಳಿಸಿದರೆ ಉಳಿಯುವುದು ನಲವತ್ತು ಸಾವಿರ. ಹಿಂದೆ ಒಂದು ಮನೆಯಲ್ಲಿ ಸಿಗುತ್ತಿದ್ದದ್ದಕ್ಕೆ ಈಗ ಐದು ಮನೆ ಕಟ್ಟಬೇಕು. ಅದೂ ಹಿಂಜರಿತದಲ್ಲಿ! ಅದರ ಬದಲು ಕೆಲಸವನ್ನೇ ಕುಗ್ಗಿಸಬಹುದು: ಮೇಲಿನ ಮಹಡಿ ಆಮೇಲೆ ನೋಡೋಣ, ಈಗ ಕಾಲಂಗೆ ಕಂಬಿ ಬಿಟ್ಟಿರೋಣ ಎನ್ನಬಹುದು.

ಸಿಮೆಂಟ್ ಅಗ್ಗವಾಯಿತೆಂದು ಮೂಟೆ ಪೇರಿಸಿಡುವವರೂ ಇದ್ದಾರೆ. ಮೂರು ತಿಂಗಳು ದಾಟಿದ ಸಿಮೆಂಟಿನ ಬಲ ಕುಂದುತ್ತದೆ. ಇನ್ನು ಕಂಬಿಯ ಕತೆ. ಕೋವಿಡ್ ನಂತರ ಬೆಲೆ ಎಷ್ಟು ಏರಿತೆಂದರೆ 2022ರ ಮೇನಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಹಲವು ಸರಕುಗಳ ರಫ್ತಿನ ಮೇಲೆ ಶೇ 15 ಸುಂಕ ಹಾಕಬೇಕಾಯಿತು. ಮೆಟೀರಿಯಲ್ ಸಮೇತ ಚದರಕ್ಕಿಷ್ಟು ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದವರ ಲಾಭವೆಲ್ಲ ಕಂಬಿಗೇ ಹೋಯಿತು. ಕಂಬಿ, ಸಿಮೆಂಟಿನ ದರ ಇಷ್ಟಕ್ಕಿಂತ ಏರಿದರೆ ವ್ಯತ್ಯಾಸ ಮಾಲೀಕರದು ಎಂಬ ಒಂದು ಸಾಲು ಕರಾರಿನಲ್ಲಿ ಇರಲೇಬೇಕು. ಸರ್ಕಾರಿ ಟೆಂಡರ್ ಎಂಬ ಆಸೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಲ್ಲು ಬಾಕಿಯೆಂದು ದೊಡ್ಡ ಗುತ್ತಿಗೆದಾರರೇ ಬೀದಿಗಿಳಿಯುತ್ತಾರೆ.

ಕೊನೆಗೆ ಉಳಿಯುವುದು ಆಳುಗಳ ಪ್ರಶ್ನೆ. 2020ರ ಮೇನಲ್ಲಿ ಬಿಲ್ಡರ್‌ಗಳ ಜತೆ ಮುಖ್ಯಮಂತ್ರಿ ಸಭೆ ನಡೆಸಿದ ಬೆನ್ನಿಗೇ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುತ್ತಿದ್ದ ಶ್ರಮಿಕ್ ರೈಲುಗಳನ್ನು ರದ್ದುಮಾಡಿತು. ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಕೆಲಸಗಾರರನ್ನು ತಡೆದು ನಿಲ್ಲಿಸಬಹುದೆಂಬ ಲೆಕ್ಕವೇ ತಪ್ಪು. ಗಾರೆಯವರು, ಬಾರ್ ಬೆಂಡರ್, ಸೆಂಟ್ರಿಂಗ್‌ನವರು ಎಂದು ನಾಲ್ಕಾರು ನುರಿತ ಕೈಗಳಿಗಾದರೂ ರಿಪೇರಿ ಕೆಲಸ ಹಂಚಿ ವಾರದ ಬಟವಾಡೆ ತಪ್ಪದಂತೆ ನೋಡಿಕೊಂಡರೆ ತಂಡ ಚದುರುವುದಿಲ್ಲ. ಬಟವಾಡೆಯಷ್ಟೇ ಮುಖ್ಯ ಅವರ ಕಾರ್ಡು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಈ ಕಾರ್ಡು ಪಡೆಯಲು ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಇಲಾಖೆಯವರು ನಾಳೆ ನಮ್ಮನ್ನೇ ಕೇಳಿದರೆ ಎಂದು ಅದಕ್ಕೆ ಸಹಿ ಹಾಕಲು ಹಿಂಜರಿಯುವ ಗುತ್ತಿಗೆದಾರರು ಬೇಕಾದಷ್ಟಿದ್ದಾರೆ. ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ನೋಂದಾಯಿತ ಕಾರ್ಮಿಕರಿಗೆ ಐದು ಸಾವಿರ ರೂಪಾಯಿ ಘೋಷಿಸಿದಾಗ ಕಾರ್ಡಿಲ್ಲದವರಿಗೆ ಅದು ದಕ್ಕಲಿಲ್ಲ.