ಬೆನ್ನಿನ ಭಾರ ಇಳಿಸಿ, ಬೆಟ್ಟ ಹಗುರಾಗುತ್ತೆ

ಟ್ರೆಕ್ಕಿಂಗ್‌ಗೆ ಹೊರಡೋ ಮುಂಚೆ ಶೂ ಬಗ್ಗೆ ಹತ್ತು ರಿವ್ಯೂ ಓದ್ತೀವಿ. ಬ್ಯಾಗ್ ಎಷ್ಟು ತೂಗುತ್ತೆ ಅಂತ ಮಾತ್ರ ನೋಡಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೊರಟವರು ಒಂದೂವರೆ ಸಾವಿರ ಮೀಟರ್‌ಗೂ ಹೆಚ್ಚು ಏರಬೇಕು. ಅಲ್ಲಿ ಅರ್ಧ ಕೆಜಿಯೂ ಲೆಕ್ಕಕ್ಕೆ ಬರುತ್ತೆ. ಇಳಿಯುವಾಗ ಆ ಲೆಕ್ಕ ಚುಕ್ತಾ ಮಾಡೋದು ಮಂಡಿ.

ಈ ಪಾಠ ನಮ್ಮ ಕಡೆಗೆ ಹೊಸದಲ್ಲ. ದಾವಣಗೆರೆಯಿಂದ ಕೊಟ್ಟೂರಿನ ರಥೋತ್ಸವಕ್ಕೆ ವರ್ಷಾ ವರ್ಷ ಜನ ಪಾದಯಾತ್ರೆ ಹೋಗ್ತಾರೆ. ಹೆಗಲಿಗೆ ಒಂದು ಚೀಲ. ಅದರಲ್ಲಿ ಒಂದು ಜೊತೆ ಬಟ್ಟೆ, ಹೊದಿಕೆ, ನೀರು. ದಾರಿಯುದ್ದಕ್ಕೂ ಭಕ್ತರು ಊಟ ಹಾಕ್ತಾರೆ, ಹಾಗಾಗಿ ಯಾರೂ ಬುತ್ತಿ ಹೊರಲ್ಲ. ದಾರೀಲಿ ಸಿಗೋದನ್ನ ಬೆನ್ನಿಗೇರಿಸಬೇಡ, ಇಷ್ಟೇ ಸೂತ್ರ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ತಮ್ಮ 67ನೇ ವಯಸ್ಸಿನಲ್ಲಿ ಅಪಲಾಚಿಯನ್ ಟ್ರೇಲ್‌ನ ಸುಮಾರು 3300 ಕಿ.ಮೀ. ನಡೆದದ್ದೂ ಹೀಗೇ. ತಾವೇ ಹೊಲಿದ ಒಂದು ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಟೆಂಟ್ ಇರಲಿಲ್ಲ.

ಮಾಯಕೊಂಡದಲ್ಲಿರೋ ನಮ್ಮ ಅವ್ವ "ನಾನೂ ಒಂದು ಸಲ ಬೆಟ್ಟ ಹತ್ತಬೇಕಪ್ಪಾ" ಅಂದಳು. ಅವಳ ಮಂಡಿ ಮೊದಲೇ ಸೂಕ್ಷ್ಮ. ಅವಳು ಕೈಬೀಸಿ ನಡೀಬೇಕು ಅಂದ್ರೆ ಇಬ್ಬರ ಸಾಮಾನೂ ನನ್ನ ಒಂದೇ ಬ್ಯಾಗಲ್ಲಿ ಹಿಡಿಸಬೇಕು. ಆಗ ಮಾಡಿದ ಲೆಕ್ಕ ಇದು.

ಮೊದಲು ತೂಗಿ: ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ವಸ್ತು ತೂಗಿ ಮೊಬೈಲಲ್ಲಿ ಬರೆದಿಡಿ. ಊಟ, ನೀರು, ಇಂಧನ ಬಿಟ್ಟು ಉಳಿದದ್ದು 'ಬೇಸ್ ವೇಟ್'. ಅದು 4.5 ಕೆಜಿ ಒಳಗಿದ್ರೆ ಅಲ್ಟ್ರಾಲೈಟ್ ಅಂತಾರೆ. ನಮಗೆ ಅಷ್ಟು ಹಟ ಬೇಡ. ಒಟ್ಟು ಭಾರ ದೇಹತೂಕದ ಐದನೇ ಒಂದು ಭಾಗ ದಾಟದಿದ್ರೆ ಸಾಕು.

ದೊಡ್ಡದನ್ನ ಹಿಡೀರಿ: ಟೂತ್‌ಬ್ರಶ್ ಮುರಿದು ಉಳಿಯೋದು ಗ್ರಾಂ ಲೆಕ್ಕ. ಬ್ಯಾಗ್, ಟೆಂಟ್, ಸ್ಲೀಪಿಂಗ್ ಬ್ಯಾಗ್ ಬದಲಿಸಿದ್ರೆ ಉಳಿಯೋದು ಕೆಜಿ ಲೆಕ್ಕ. ದುಬಾರಿ ಅನಿಸಿದ್ರೆ ಬಾಡಿಗೆಗೆ ತಗೊಳ್ಳಿ. ಒಂದೇ ದಿನದ ಚಾರಣಕ್ಕೆ ಟೆಂಟ್, ಸ್ಲೀಪಿಂಗ್ ಬ್ಯಾಗ್ ಎರಡೂ ಬೇಡ. ಜೀನ್ಸ್ ಕೂಡ ಬೇಡ. ನೆನೆದ್ರೆ ಭಾರ, ಬೇಗ ಒಣಗಲ್ಲ.

ನೀರು: ಒಂದು ಲೀಟರ್ ಅಂದ್ರೆ ಒಂದು ಕೆಜಿ. ನೀರು ಎಲ್ಲೆಲ್ಲಿ ಸಿಗುತ್ತೆ ಅಂತ ಗೈಡ್ ಹತ್ರ ಕೇಳಿ, ಮುಂದಿನ ತಾಣದವರೆಗೆ ಬೇಕಾದಷ್ಟು ತುಂಬಿಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ತೊರೆಗಳನ್ನ ನಂಬಬೇಡಿ.

ಬುತ್ತಿ: ಅನ್ನದಲ್ಲಿ ಮೂರನೇ ಎರಡು ಭಾಗ ನೀರೇ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ಅಷ್ಟೇ ಶೇಂಗಾದಲ್ಲಿ ಸುಮಾರು 570. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿಕ್ಕಿ ಇದ್ರೆ ಎರಡು ದಿನ ಆರಾಮ. ನಮ್ಮ ದಾವಣಗೆರೆ ಮಂಡಕ್ಕಿ ಹಗುರವೇನೋ ಹೌದು, ಆದ್ರೆ ಬ್ಯಾಗ್ ತುಂಬಾ ಅದೇ ಕೂತ್ಕೊಳ್ಳುತ್ತೆ!

ತೂಕದ ಹುಚ್ಚಿಗೆ ಬಿದ್ದು ಇವನ್ನ ಮಾತ್ರ ಬಿಡಬೇಡಿ: ಪ್ರಥಮ ಚಿಕಿತ್ಸೆಯ ಕಿಟ್, ದಿನದ ಮಾತ್ರೆಗಳು, ಹೆಡ್‌ಲ್ಯಾಂಪ್, ರೇನ್‌ಕೋಟ್, ಒಂದು ಬೆಚ್ಚನೆ ಬಟ್ಟೆ, ಸೀಟಿ. ಇವು ಬಳಸದೇ ವಾಪಸ್ ಬಂದ್ರೆ ಅದೇ ಪುಣ್ಯ. ಬೇರೇನಾದ್ರೂ ಬಳಸದೇ ವಾಪಸ್ ಬಂದ್ರೆ, ಮುಂದಿನ ಸಲ ಅದು ಮನೆಯಲ್ಲೇ ಇರಲಿ.