ಕಾವು ಕೂರದ ಅಪ್ಪ

ಕಾವು ಕೂರದೆ ಮರಿ ಮಾಡುವ ಹಕ್ಕಿಯೂ ಉಂಟೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಉಂಟು. ದಕ್ಷಿಣ ಆಸ್ಟ್ರೇಲಿಯಾದ ಒಣ ಕುರುಚಲು ಕಾಡುಗಳಲ್ಲಿ, ಗಿಡ್ಡ ನೀಲಗಿರಿ ಮರಗಳ ಕೆಳಗೆ ಓಡಾಡಿಕೊಂಡಿರುವ ಮ್ಯಾಲಿಫೌಲ್. ಗಾತ್ರದಲ್ಲಿ ದೊಡ್ಡ ಹುಂಜದಷ್ಟು.

ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುವುದನ್ನು ನೋಡಿದ್ದೀರಲ್ಲ, ಈ ಗಂಡುಹಕ್ಕಿಯ ಬಂಡವಾಳವೂ ಅದೇ ಶಾಖ. ಗುಂಡಿ ತೋಡಿ ತರಗೆಲೆ ತುಂಬುತ್ತದೆ, ಅದು ಮಳೆಗೆ ನೆನೆದ ಮೇಲೆ ಮರಳು ಮುಚ್ಚುತ್ತದೆ. ಗುಡ್ಡೆ ಮೂರರಿಂದ ಐದು ಮೀಟರ್ ಅಗಲ! ಹೆಣ್ಣು ಕೆಲವು ದಿನಗಳಿಗೊಮ್ಮೆ ಬಂದು ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ.

ಆಮೇಲಿನದೇ ಸೋಜಿಗ. ಗಂಡು ಕೊಕ್ಕನ್ನು ಮರಳಿಗೆ ಚುಚ್ಚಿ ಬಿಸಿ ಅಳೆಯುತ್ತದೆ. ಮೊಟ್ಟೆಗಳಿಗೆ ಬೇಕಾದದ್ದು ಸುಮಾರು 33 ಡಿಗ್ರಿ ಸೆಲ್ಸಿಯಸ್. ವಸಂತದಲ್ಲಿ ಎಲೆ ಕೊಳೆತು ಕಾವು ಹೆಚ್ಚಿದರೆ ಗುಡ್ಡೆ ತೆರೆದು ಬಿಸಿ ಹೊರಬಿಡುತ್ತದೆ. ಬೇಸಿಗೆಯ ಬಿಸಿಲು ಒಳಗಿಳಿಯದಂತೆ ಇನ್ನಷ್ಟು ಮರಳು ಪೇರಿಸುತ್ತದೆ. ಶರತ್ಕಾಲದಲ್ಲಿ ಮರಳನ್ನು ಬಿಸಿಲಿಗೆ ಹರಡಿ, ಕಾಯಿಸಿ, ಮತ್ತೆ ಮುಚ್ಚುತ್ತದೆ. ಇದೆಲ್ಲ ಬರೀ ರೂಢಿ ಎನ್ನುವವರು ಪಕ್ಷಿವಿಜ್ಞಾನಿ ಹ್ಯಾರಿ ಫ್ರಿತ್ ಅವರ ಪ್ರಯೋಗವನ್ನು ಗಮನಿಸಬೇಕು. 1950ರ ದಶಕದಲ್ಲಿ ಅವರು ಗುಡ್ಡೆಯೊಳಗೆ ವಿದ್ಯುತ್ ಹೀಟರ್ ಹೂತಿಟ್ಟು ಬಿಸಿ ಏರಿಳಿಸಿದರು. ಹಕ್ಕಿ ಅದಕ್ಕೆ ತಕ್ಕಂತೆ ಕೆದಕಿತು, ಮುಚ್ಚಿತು. ಅದು ಕ್ಯಾಲೆಂಡರ್ ನೋಡಿಕೊಂಡು ನಡೆಯುವ ಜೀವಿಯಲ್ಲ, ನಿಜವಾಗಿಯೂ ಅಳೆಯುತ್ತದೆ!

ಮರಿ ಒಂಟಿಯಾಗಿ ಗಂಟೆಗಟ್ಟಲೆ ಮರಳು ತೋಡಿ ಮೇಲೆ ಬಂದು ಪೊದೆಗೆ ಓಡುತ್ತದೆ. ಒಂದೇ ದಿನದಲ್ಲಿ ಹಾರಲೂಬಲ್ಲದು. ತಂದೆತಾಯಿ ಅದರತ್ತ ತಿರುಗಿಯೂ ನೋಡುವುದಿಲ್ಲ. ಇದನ್ನು ಕೇಳಿ 'ಮಮತೆಯಿಲ್ಲದ ಹಕ್ಕಿ' ಎಂದು ಮೂಗು ಮುರಿಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ತಿಂಗಳುಗಟ್ಟಲೆ ಮಣ್ಣು ಹೊತ್ತ ಆ ಅಪ್ಪನ ದುಡಿಮೆ ಅವರ ಕಣ್ಣಿಗೆ ಬೀಳುವುದಿಲ್ಲವೆ?

ಇಂದು ಈ ಹಕ್ಕಿ ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಗೋಧಿ ಹೊಲಕ್ಕೂ ಕುರಿ ಮೇವಿಗೂ ಕಾಡು ಕಡಿದರು. ಯೂರೋಪಿನಿಂದ ತಂದುಬಿಟ್ಟ ನರಿಗಳು ಮೊಟ್ಟೆ, ಮರಿ ಎರಡನ್ನೂ ತಿನ್ನುತ್ತಿವೆ. ಕಾಳ್ಗಿಚ್ಚಿನ ಪೆಟ್ಟು ಇನ್ನೂ ಆಳವಾದದ್ದು: ಉದುರಿದ ಎಲೆಯೆಲ್ಲ ಸುಟ್ಟುಹೋದರೆ ಗುಡ್ಡೆಗೆ ಉರುವಲೇ ಇಲ್ಲ, ಮತ್ತೆ ಸಾಕಷ್ಟು ತರಗು ಸೇರಲು ದಶಕಗಳೇ ಬೇಕು. ಅಲ್ಲಿನ ಸ್ವಯಂಸೇವಕರು ವರ್ಷವರ್ಷವೂ ಹಳೆಯ ಗುಡ್ಡೆಗಳನ್ನು ಹುಡುಕಿಕೊಂಡು ನಡೆದು, ಯಾವುದರಲ್ಲಿ ಮರಳು ಹೊಸದಾಗಿ ಕೆದಕಿದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಹೊಸ ಸಸಿ ನೆಡುವುದು ಒಳ್ಳೆಯದೇ. ಆದರೆ ಬಹುಕಾಲ ಬೆಂಕಿ ಕಾಣದ ಹಳೆಯ ಕಾಡಿನ ತುಂಡುಗಳನ್ನು ಮೊದಲು ಕಾಯಬೇಕು. ಈ ಹಕ್ಕಿಗೆ ಬೇಕಾದ ತರಗೆಲೆ ಸದ್ಯಕ್ಕೆ ಇರುವುದು ಅಲ್ಲೇ.